ಗೊತ್ತಿಲ್ಲದೆ ಬರೆದ ಜೀವಶಾಸ್ತ್ರ

ಪ್ರಶ್ನೆಪತ್ರಿಕೆ ಹೊತ್ತ ಗಾಡಿ ದಾರಿಯಲ್ಲಿ ಎಲ್ಲೂ ನಿಲ್ಲುವಂತಿಲ್ಲ, ಯಾರನ್ನೂ ಹತ್ತಿಸಿಕೊಳ್ಳುವಂತಿಲ್ಲ. ಮಾರ್ಗಾಧಿಕಾರಿಗಳ ಸಭೆಯಲ್ಲಿ ಹೇಳಿದ ಮಾತುಗಳಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಇಷ್ಟೇ. ಉಳಿದದ್ದೆಲ್ಲ ಸಹಿ ಹಾಕುವ, ಹಾಕಿಸಿಕೊಳ್ಳುವ ಕೆಲಸ. ನಮ್ಮಜ್ಜಿ ಇದ್ದಿದ್ದರೆ, ‘ದೇವರ ಪೆಟ್ಟಿಗೆ ಹೊತ್ತೋನು ಹಿಂದುಕ್ ತಿರುಗ್ಬಾರ್ದು ಕಣ್ಲಾ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು.

ನಾನು ಇತಿಹಾಸ ಪಾಠ ಮಾಡುವವನು. ಆ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆಗೆ ನನ್ನನ್ನು ಆಲೂರಿನಿಂದ ಬೆಟ್ಟದ ಕಡೆಗೆ ಹೋಗುವ ದಾರಿಗೆ ಹಾಕಿದ್ದರು. ಆ ದಾರಿಯ ಕೊನೆಗೆ ವಿಜ್ಞಾನ ವಿಭಾಗವಿರುವ ಒಂದು ಸಣ್ಣ ಕಾಲೇಜು. ಬೆಳಿಗ್ಗೆ ಉಪಖಜಾನೆಯಲ್ಲಿ ಪತ್ರಿಕೆ ಪಡೆದು ಅಲ್ಲಿಗೆ ತಲುಪಿಸಬೇಕು, ಮಧ್ಯಾಹ್ನದವರೆಗೆ ಅಲ್ಲೇ ಇದ್ದು ಮೊಹರು ಹಾಕಿದ ಉತ್ತರಪತ್ರಿಕೆಗಳೊಂದಿಗೆ ಇಳಿದು ಬರಬೇಕು.

ಜೀವಶಾಸ್ತ್ರದ ದಿನವೂ ಎಲ್ಲ ಕ್ರಮದಂತೆಯೇ ಶುರುವಾಯಿತು. ಖಜಾನೆಯವರದೊಂದು ಕೀಲಿ, ನಮ್ಮ ಇಲಾಖೆಯದೊಂದು ಕೀಲಿ. ಎರಡೂ ತಿರುಗಿದರೆ ಮಾತ್ರ ಬಾಗಿಲು. ಲಕೋಟೆಯ ಮೇಲಿನ ವಿಷಯ, ತಾರೀಖು, ಕೇಂದ್ರದ ಸಂಖ್ಯೆಯನ್ನು ಗಟ್ಟಿಯಾಗಿ ಓದಿದೆ. ಮೊಹರನ್ನು ಬೆಳಕಿಗೆ ಹಿಡಿದು ನೋಡಿದೆ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ಒಳಜೇಬಿಗೆ ಸೇರಿಸಿದೆ. ನಿವೃತ್ತಿಗೆ ಹತ್ತಿರವಾಗಿದ್ದ ಪೊಲೀಸ್ ಪೇದೆಯೊಬ್ಬರು ಪೆಟ್ಟಿಗೆಯ ಪಕ್ಕ ಕೂತರು.

“ನಂಗೆ ಜಾತ್ರೆ ಡ್ಯೂಟಿಗಿಂತ ಇದೇ ವಾಸಿ ಸಾ,” ಅಂದರು. “ಪೆಟ್ಗೆ ಕುಡಿಯಲ್ಲ, ಜಗಳ ಆಡಲ್ಲ, ಕಳ್ದೋಯ್ತು ಅಂತ ಅಳಲ್ಲ.”

“ಕಳೆದುಹೋದರೆ ನಾವಿಬ್ಬರೂ ಅಳಬೇಕು,” ಎಂದೆ.

“ಅದ್ಕೇ ನಾ ಇದ್ರ ಮೇಲೆ ಕೈ ಇಟ್ಕಂಡಿರೋದು.”

ಪಾಳ್ಯದ ಕಡೆಯ ಗದ್ದೆಬಯಲು ದಾಟಿ ಏರು ಹತ್ತಿದರೆ ಎರಡೂ ಕಡೆ ಕಾಫಿ. ಮಾರ್ಚ್ ತಿಂಗಳು, ಹೂವಿಗೆ ನೀರು ಕೊಡುವ ಕಾಲ. ಒಂದು ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿದ್ದರೆ, ಪಕ್ಕದ ತೋಟದಲ್ಲಿ ಆಗಲೇ ಗಿಡಗಳು ಬೆಳ್ಳಗಾಗಿದ್ದವು. ಆ ತೋಟಗಳಲ್ಲಿ ಈಚೆಗೆ ಆನೆಗಳೂ ಮನುಷ್ಯರಷ್ಟೇ ಖಾಯಂ. ಯಾವ ಹಿಂಡು ಎಲ್ಲಿದೆ ಎಂದು ಬೆಳಗಾದರೆ ಎಲ್ಲರ ಮೊಬೈಲಿಗೆ ಸಂದೇಶ ಬರುತ್ತದೆ. ದೂರದ ಹಳ್ಳಿಯ ಹೆಣ್ಣುಮಕ್ಕಳನ್ನು ಪರೀಕ್ಷೆ ಮುಗಿಯುವತನಕ ಕಾಲೇಜಿನ ಹತ್ತಿರದ ನೆಂಟರ ಮನೆಯಲ್ಲಿ ಬಿಡುವುದು ಅಲ್ಲಿ ರೂಢಿಯಾಗಿಹೋಗಿದೆ.

ಕಾಲೇಜಿಗೆ ಇನ್ನು ಸ್ವಲ್ಪ ದೂರವಿರುವಾಗ ತಿರುವಿನಲ್ಲಿ ಜನ ಕಂಡರು. ರಸ್ತೆಗೆ ಅಡ್ಡಲಾಗಿ ಸಿಲ್ವರ್ ಮರದ ಕೊಂಬೆಗಳು. ಅದರಾಚೆ ಒಂದು ಚಾಪೆ, ಚಾಪೆಯ ಮೇಲೆ ಹೊದಿಸಿದ ಬಿಳಿ ಪಂಚೆ. ಪಂಚೆಯ ಕೆಳಗೆ ಏನಿದೆ ಎಂದು ಆ ಸೀಮೆಯಲ್ಲಿ ಯಾರೂ ಕೇಳಬೇಕಾಗಿಲ್ಲ. ಆನೆ ತುಳಿದು ಯಾರಾದರೂ ಸತ್ತರೆ ಜನ ಹೆಣವನ್ನು ರಸ್ತೆಗೆ ತಂದಿಡುತ್ತಾರೆ. ದೊಡ್ಡ ಅಧಿಕಾರಿಗಳು ಬಂದು ಮಾತು ಕೊಡುವತನಕ ಎತ್ತಲು ಬಿಡುವುದಿಲ್ಲ. ಬೇರೆ ಯಾವುದಕ್ಕೂ ಬಾರದವರು ಅದಕ್ಕೆ ಮಾತ್ರ ಬರುತ್ತಾರೆ ಎಂಬುದನ್ನು ಜನ ಅನುಭವದಿಂದ ಕಂಡುಕೊಂಡಿದ್ದಾರೆ.

ಡ್ರೈವರ್ ಗಾಡಿ ನಿಲ್ಲಿಸಿದ. ನಿಲ್ಲಿಸದೆ ಗತಿಯಿರಲಿಲ್ಲ. ತಾಲ್ಲೂಕಿನವರಿಗೆ ಫೋನ್ ಮಾಡಿದೆ. ಎಸ್ಟೇಟ್ ಒಳಗಿನ ಇನ್ನೊಂದು ದಾರಿ ಹಿಡಿಯಿರಿ ಎಂದರು. ಆ ದಾರಿಯಲ್ಲೇ ಹಿಂಡು ಇದೆಯೆಂದು ಅಂದಿನ ಸಂದೇಶ ಹೇಳುತ್ತಿತ್ತು. “ಆ ಕಡೆ ಹೋದ್ರೆ ಆನೆಗೇ ಪೇಪರ್ ಲೀಕಾಯ್ತದೆ ಸಾ,” ಎಂದ ಪೇದೆ, ಚಾಪೆಯ ಕಡೆ ಕಣ್ಣು ಹೋದದ್ದೇ ಟೋಪಿ ತೆಗೆದರು. ಪೆಟ್ಟಿಗೆಯನ್ನು ಅವರಿಗೆ ಒಪ್ಪಿಸಿ ನಾನು ಇಳಿದೆ.

ಜನ ನನ್ನನ್ನು ಬೈಯಲಿಲ್ಲ. ಅವರವರ ಮಕ್ಕಳೇ ಅವತ್ತು ಪರೀಕ್ಷೆ ಬರೆಯುವವರು. ಬೈಕಿನಲ್ಲಿ, ಆಟೋದಲ್ಲಿ ಬಂದ ಮಕ್ಕಳನ್ನು ಕೊಂಬೆ ಸರಿಸಿ ಒಬ್ಬೊಬ್ಬರನ್ನೇ ದಾಟಿಸುತ್ತಿದ್ದರು. ಆದರೆ ಪ್ರತಿ ಮಗುವನ್ನೂ ಒಂದು ಗಳಿಗೆ ನಿಲ್ಲಿಸಿ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಮಕ್ಕಳು ತಲೆಯಾಡಿಸಿ ಮುಂದೆ ಹೋಗುತ್ತಿದ್ದವು.

ಹಾಗೆ ಹೇಳುತ್ತಿದ್ದವನು ಸತ್ತವನ ಹೆಂಡತಿಯ ಅಣ್ಣ. ಮಂಡಿಯತನಕ ಮಣ್ಣಾಗಿದ್ದ ಆತ ನನ್ನನ್ನು ರಸ್ತೆಯ ಬದಿಗೆ ಕರೆದುಕೊಂಡು ಹೋದ.

“ಗಾಡಿ ಬುಡ್ತೀವಿ ಮೇಷ್ಟ್ರೇ. ಮಕ್ಳ ಪೇಪರ್ ತಡೆಯೋವಷ್ಟು ಕೆಟ್ಟೋರಲ್ಲ ನಾವು. ಆದ್ರೆ ಒಂದು ಮಾತು ನಡಸ್ಕೊಡ್ಬೇಕು.”

“ಹೇಳಪ್ಪ.”

“ನಮ್ ಭಾವ ಕಣ್ರೀ ಅವನು. ಬೆಳಕರಿಯೋ ಹೊತ್ನಾಗೆ ನೀರಿನ್ ಪೈಪ್ ತಿರುಗ್ಸಕ್ಕೆ ಅಂತ ತೋಟಕ್ಕೋದ. ಗಿಡದ ಮರೇಲಿ ಒಂಟಿ ಆನೆ ನಿಂತಿತ್ತು. ಮಗ್ಳು ಒಬ್ಳೇ ಅವನಿಗೆ. ಅಲ್ಲೇ ಕಾಲೇಜತ್ರ ಅವ್ಳ ಚಿಕ್ಕಮ್ಮನ ಮನೇಲಿದ್ದು ಪರೀಕ್ಷೆ ಬರೀತಾವ್ಳೆ. ಅವ್ಳಿಗಿನ್ನೂ ಗೊತ್ತಿಲ್ಲ. ಗೊತ್ತಾಗ್ಬಾರ್ದು. ಬರ್ದು ಮುಗ್ಸೋಗಂಟ ನೀವೂ ಬಾಯ್ ಬುಡ್ಬ್ಯಾಡಿ.”

ನಾನು ಅವನಿಗೆ ತಿಳಿಸಿ ಹೇಳಲು ನೋಡಿದೆ. ಈಗ ಮೊದಲಿನ ಹಾಗಲ್ಲ. ಇವತ್ತು ಬರೆಯದಿದ್ದರೆ ವರ್ಷ ಹಾಳಾಗುವುದಿಲ್ಲ. ಮುಂದಿನ ತಿಂಗಳೇ ಎರಡನೇ ಪರೀಕ್ಷೆ ಇದೆ, ಅದರ ಅಂಕವೂ ಸಿಇಟಿ ಲೆಕ್ಕಕ್ಕೆ ಬರುತ್ತದೆ, ಮಗು ಅಪ್ಪನ ಹತ್ತಿರ ಬರಲಿ ಎಂದೆ.

ಆತ ನನ್ನ ಮುಖವನ್ನೇ ನೋಡಿದ. “ಎರಡ್ನೇದು ಅಂದ್ರೆ ಫೇಲಾದೋರ್ದಲ್ವಾ? ಸಪ್ಲಿಮೆಂಟ್ರಿ?”

“ಆ ಹೆಸರು ಈಗಿಲ್ಲ. ಯಾರು ಬೇಕಾದರೂ ಬರೆಯಬಹುದು.”

“ಹೆಸ್ರು ಬದ್ಲಾದ್ರೆ ಎಮ್ಮೆ ಹಸ ಆಯ್ತದಾ ಮೇಷ್ಟ್ರೇ? ನಮ್ ಭಾವ ಎಸೆಸೆಲ್ಸಿ ಇಂಗ್ಲಿಷ್ನಾಗೆ ಡುಮ್ಕಿ ಹೊಡ್ದು, ಸಪ್ಲಿಮೆಂಟ್ರಿಗ್ ಕಟ್ತೀನಿ ಕಟ್ತೀನಿ ಅಂತ ಸಾಯೋಗಂಟ ಪೈಪ್ ತಿರುಗಿಸ್ದ. ಅವನ್ ಮಗ್ಳಿಗೂ ಅದೇ ಹಣೆಪಟ್ಟಿ ಕಟ್ಟಿಸ್ಬೇಕಾ? ಅಗ್ರಿಕಲ್ಚರ್ ಓದ್ತೀನಿ ಅಂತಾವ್ಳೆ. ಬರೀಲಿ.”

ಸುತ್ತ ನಿಂತವರೆಲ್ಲ ಹೂಂಗುಟ್ಟಿದರು. ಅಷ್ಟು ಹೊತ್ತು ದೂರ ಕೂತಿದ್ದ ಒಂದು ಮುದುಕಿ, “ಆಸ್ಪತ್ರೆಗೆ ತಗಂಡೋದ್ರೆ ಕುಯ್ದು ಬಟ್ಟೇಲಿ ಸುತ್ತಿ ಕೊಡ್ತಾರೆ. ಮಗ್ಳು ಅಪ್ಪನ್ ಮುಖ ನೋಡೋದು ಬ್ಯಾಡ್ವಾ? ಅದ್ಕೇ ಇಲ್ಲಿಟ್ಕಂಡು ಕೂತಿವ್ನಿ,” ಎಂದಳು. ಸತ್ತವನ ತಾಯಿ ಆಕೆ. ಆಗ ನನಗೆ ಅರ್ಥವಾಯಿತು. ಅಧಿಕಾರಿಗಳು ಬಂದು ಏನೇ ಮಾತು ಕೊಟ್ಟರೂ ಇವತ್ತು ಈ ರಸ್ತೆ ಬೇಗ ತೆರೆಯುವುದಿಲ್ಲ. ಇವರು ಕಾಯುತ್ತಿರುವುದು ಪರೀಕ್ಷೆ ಮುಗಿಯುವ ಗಂಟೆಗಾಗಿ.

ನಾನು ಆಗಲಿ ಎಂದೆ. ಕೊಂಬೆ ಸರಿಯಿತು. ಡ್ರೈವರ್ ಗಾಡಿಯನ್ನು ಚಾಪೆಯ ಪಕ್ಕ ಹಾಯಿಸುವಾಗ ನಾವು ಮೂವರೂ ಎದುರಿಗಿನ ಗಾಜನ್ನೇ ನೋಡುತ್ತಿದ್ದೆವು.

ಕೇಂದ್ರದ ಮುಖ್ಯ ಅಧೀಕ್ಷಕರು ಒಬ್ಬ ಹೆಣ್ಣುಮಗಳು; ಬೇರೆ ಊರಿನ ಪ್ರಾಂಶುಪಾಲರು, ನನಗಿಂತ ಹಿರಿಯರು. ಲಕೋಟೆ ಒಪ್ಪಿಸಿ ಸಹಿ ಮಾಡಿಸಿಕೊಂಡು, ಬಾಗಿಲು ಮುಂದೆಮಾಡಿ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

“ಮಾತು ಕೊಟ್ಟೋರು ನೀವು ಸರ್. ನಾನು ಕೊಟ್ಟಿಲ್ಲ. ಹದಿನೆಂಟು ತುಂಬಿದ ಮಗು. ಅವಳಪ್ಪನ ಸಾವನ್ನ ಅವಳಿಂದ ಮುಚ್ಚಿಡೋಕೆ ನಾವ್ಯಾರು? ಎರಡನೇ ಪರೀಕ್ಷೆ ಇದೆ. ಈಗಲೇ ಹೇಳಿ ಕಳಿಸ್ತೀನಿ.”

ಅವರು ಹೇಳಿದ್ದು ಸರಿಯೆಂದು ನನಗೂ ಅನ್ನಿಸಿತು. ರಸ್ತೆಯಲ್ಲಿ ಕೇಳಿದ್ದೂ ಸರಿಯೆಂದೇ ಅನ್ನಿಸಿತ್ತು. ಇಬ್ಬರೂ ಹೊರಗೆ ಬಂದೆವು.

ಅವಳು ಯಾರೆಂದು ಯಾರೂ ತೋರಿಸಬೇಕಾಗಿರಲಿಲ್ಲ. ಅಂಗಳದ ತುಂಬ ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದವು. ಕೆಲವು ಪುಸ್ತಕದಿಂದ ತಲೆಯೆತ್ತುತ್ತಿರಲಿಲ್ಲ, ಕೆಲವು ಗೋಡೆಯ ಕಡೆ ತಿರುಗಿದ್ದವು. ನಗುನಗುತ್ತಾ ಮಾತಾಡುತ್ತಿದ್ದವಳು ಅವಳೊಬ್ಬಳೇ. ಗೆಳತಿಯ ಅಂಗೈ ಹಿಡಿದು, ಅದರ ಮೇಲೆ ಬೆರಳಲ್ಲಿ ಚಿತ್ರ ಬರೆಯುತ್ತಾ ಹೇಳಿಕೊಡುತ್ತಿದ್ದಳು: “ಪರಾಗ ಇಲ್ಲಿ ಕೂತ್ಕತದೆ ಕಣೇ. ಆಮೇಲೆ ನಳಿಕೆ ಹಿಂಗೆ ಇಳ್ಕಂಡು ಹೋಯ್ತದೆ. ಅದ್ರಾಗೆ ಗಂಡು ಕಣ ಎರಡು ಬತ್ತವೆ, ಒಂದಲ್ಲ. ಅದುನ್ನೇ ಕೇಳದು ನೋಡು. ಯಾಕೆ ಹಿಂಗೆ ನಡುಗ್ತಿದೀಯ? ನಂಗಿಲ್ದಿರೋ ಭಯ ನಿಂಗೇನು?”

ಗೆಳತಿ ಆ ತಿರುವನ್ನು ದಾಟಿ ಬಂದ ಹುಡುಗಿ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಮೇಡಂ ಅವಳ ಮುಂದೆ ಹೋಗಿ ನಿಂತರು. ಬಾಯಿ ತೆರೆದರು. ಬಂದ ಮಾತು ಬೇರೆಯೇ ಆಗಿತ್ತು.

“ತಿಂಡಿ ತಿಂದ್ಯೇನಮ್ಮ?”

“ಹೂಂ ಮಿಸ್. ನಾನು ಬ್ಯಾಡ ಬ್ಯಾಡ ಅಂದ್ರೂ ಚಿಕ್ಕಮ್ಮ ಕೇಳ್ಲಿಲ್ಲ. ಎರಡು ಸಲ ಉಪ್ಪಿಟ್ಟು ಬಡಿಸ್ಬುಟ್ರು. ಹೊಟ್ಟೆ ಭಾರ ಆಗಿ ಒಳಗೆ ನಿದ್ದೆ ಮಾಡ್ಬುಡ್ತೀನೋ ಏನೋ.”

ನಮ್ಮ ಕಡೆ ಹೆಣ ಎತ್ತುವತನಕ ಆ ಮನೆಯವರು ಒಲೆ ಹಚ್ಚುವುದಿಲ್ಲ, ಹತ್ತಿರದವರು ಬಾಯಿಗೆ ಏನೂ ಹಾಕುವುದಿಲ್ಲ. ಫೋನು ಬಂದ ಮೇಲೆ ಆ ಚಿಕ್ಕಮ್ಮ ಒಲೆ ಹಚ್ಚಿ, ಮುಖದಲ್ಲಿ ಏನೂ ತೋರಿಸದೆ ಬಡಿಸಿ, ಇವಳನ್ನು ಗೇಟಿನತನಕ ಬಿಟ್ಟು ಆಮೇಲೆ ಅಳುತ್ತಾ ತಿರುವಿನ ಕಡೆಗೆ ಓಡಿದ್ದಳಂತೆ. ಮೇಡಂ ಹುಡುಗಿಯ ಹಾಲ್‌ಟಿಕೆಟ್ ನೋಡಿದಂತೆ ಮಾಡಿ, ನನ್ನ ಕಡೆ ತಿರುಗಿದರು.

“ಗಂಟೆ ಹೊಡೆಸಿ ಸರ್,” ಎಂದರು. ನಾವಿಬ್ಬರೂ ತೀರ್ಮಾನ ಮಾಡಿದ್ದು ಹಾಗೆ.

ಲಕೋಟೆಯನ್ನು ಎಲ್ಲರ ಎದುರಿಗೆ ಒಡೆದದ್ದಾಯಿತು, ಪತ್ರಿಕೆ ಹಂಚಿದ್ದಾಯಿತು. ಕೋಣೆಯೊಳಗೆ ನನಗೆ ಕೆಲಸವಿರಲಿಲ್ಲ, ಕಚೇರಿಯಲ್ಲಿ ಕೂತಿದ್ದೆ. ಅಲ್ಲಿ ಕ್ಯಾಮೆರಾದ ಪರದೆ ಇತ್ತು. ಅದರಲ್ಲಿ ಅವಳು ಬಗ್ಗಿದ ತಲೆ ಎತ್ತದೆ ಬರೆಯುತ್ತಿದ್ದಳು, ಹೆಚ್ಚುವರಿ ಹಾಳೆ ಕೇಳಿದಳು. ಎರಡು ಸಾಲು ಹಿಂದೆ ಅವಳ ಗೆಳತಿ ಪೆನ್ನು ಹಿಡಿದು ಸುಮ್ಮನೆ ಕೂತಿದ್ದಳು. ಮೇಡಂ ಒಳಗೆ ಹೋಗಿ ಆ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟು ನಿಂತು ಬಂದರು. ಅವಳು ಬರೆಯಲಿಲ್ಲ. ಮಿಕ್ಕ ಮಕ್ಕಳೂ ತಮ್ಮ ಕೈಲಾದಷ್ಟು ಬರೆಯಲಿಲ್ಲವೆಂದು ಆಮೇಲೆ ಗೊತ್ತಾಯಿತು. ಒಂದು ಮಗುವಿನಿಂದ ಮುಚ್ಚಿಟ್ಟ ಸಾವನ್ನು ನಾವು ಇಡೀ ಕೋಣೆಯ ಮಕ್ಕಳ ತಲೆಯ ಮೇಲೆ ಹೊರಿಸಿ ಕೂರಿಸಿದ್ದೆವು.

ನಡುವೆ ರಸ್ತೆಯಿಂದ ಪೇದೆಗೆ ಫೋನು ಬರುತ್ತಿತ್ತು. ಅಧಿಕಾರಿಗಳು ಬಂದರಂತೆ, ಪರಿಹಾರದ ಮಾತಾಯಿತಂತೆ, ಹೆಣ ಎತ್ತಿ ಎಂದರಂತೆ. ಜನ ಎಲ್ಲಕ್ಕೂ ಹೂಂ ಅನ್ನುತ್ತಾ ಎತ್ತಲು ಮಾತ್ರ ಬಿಡುತ್ತಿಲ್ಲವಂತೆ. “ಇನ್ನೇನ್ ಬೇಕು ಇವ್ರಿಗೆ ಅಂತ ಸಾಹೇಬ್ರು ತಲೆ ಚಚ್ಕತಾವ್ರೆ. ನಾ ಹೇಳ್ದೆ, ಬಯಾಲಜಿ ಮುಗೀಲಿ ಸಾ ಅಂತ,” ಎಂದರು ಪೇದೆ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಕೊನೆಯ ಗಂಟೆ ಹೊಡೆಯಿತು. ಉತ್ತರಪತ್ರಿಕೆಗಳನ್ನು ಎಣಿಸಿ, ನೋಂದಣಿ ಸಂಖ್ಯೆಯ ಕ್ರಮಕ್ಕೆ ಜೋಡಿಸಿ, ಬಟ್ಟೆಯ ಚೀಲದಲ್ಲಿಟ್ಟು ಹೊಲಿದು ಅರಗು ಹಾಕಬೇಕು. ಅದು ಮುಗಿಯುವತನಕ ನಾನು ಮೇಜು ಬಿಟ್ಟು ಏಳುವಂತಿರಲಿಲ್ಲ. ಕಿಟಕಿಯಾಚೆ ನಲ್ಲಿಯ ಹತ್ತಿರ ಮೇಡಂ ಅವಳನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಅವಳು ಅಳಲಿಲ್ಲ. ಏನೋ ಕೇಳಿದಳು. ಮೇಡಂ ಉತ್ತರ ಹೇಳಿದರು. ಹುಡುಗಿ ಪಕ್ಕಕ್ಕೆ ತಿರುಗಿ, ಎರಡು ಬೆರಳು ಗಂಟಲಿಗಿಟ್ಟುಕೊಂಡು ವಾಂತಿ ಮಾಡಲು ಬಗ್ಗಿದಳು. ಬರಲಿಲ್ಲ. ಮತ್ತೆ ಇಟ್ಟುಕೊಂಡಳು.

“ಯಾವಾಗ ಮಿಸ್ ಅಂತ ಕೇಳಿದ್ಲು,” ಎಂದರು ಮೇಡಂ ಆಮೇಲೆ. “ಬೆಳಕರಿಯೋ ಹೊತ್ತಿಗೆ ಅಂದೆ. ಹಂಗಾದ್ರೆ ನಾನು ತಿಂದಿದ್ದು ಆಮೇಲೆ ಅಂದ್ಲು.”

ನನ್ನ ಕೈಯಲ್ಲಿದ್ದ ಅರಗು ಚೀಲದ ಮೇಲೆ ಬೀಳುವ ಬದಲು ಮೇಜಿನ ಮೇಲೆ ಬಿದ್ದಿತ್ತು. ಕೆರೆದು ತೆಗೆದು ಮತ್ತೆ ಕಾಯಿಸಿ ಮೊಹರು ಒತ್ತಿದೆ.

ಅವಳನ್ನು ಉಪನ್ಯಾಸಕಿಯೊಬ್ಬರು ಸ್ಕೂಟರಿನಲ್ಲಿ ಕರೆತರುವುದೆಂದಾಯಿತು. ಸ್ಕೂಟರಿಗಿಂತ ನನ್ನ ಗಾಡಿಯೇ ಮೊದಲು ತಿರುವು ಮುಟ್ಟಿತು. ಜನ ಎದ್ದು ನಿಂತರು. ಸೋದರಮಾವ ಓಡಿ ಬಂದು ಹಿಂದಿನ ಗಾಜಿಗೆ ಮುಖ ಒತ್ತಿ ಒಳಗೆ ನೋಡಿದ. ಅಲ್ಲಿ ಪೇದೆ, ಪೆಟ್ಟಿಗೆ, ಮತ್ತೆ ಒಂದು ಖಾಲಿ ಸೀಟು.

“ಮಗು ಎಲ್ಲಿ?”

“ಹಿಂದೆ ಬರ್ತಾ ಇದಾಳೆ. ಈ ಗಾಡಿಗೆ ಯಾರನ್ನೂ ಹತ್ತಿಸಿಕೊಳ್ಳೋ ಹಾಗಿಲ್ಲಪ್ಪ.”

“ಜಾಗ ಐತಲ್ಲ ಮೇಷ್ಟ್ರೇ,” ಎಂದ. ಕೋಪದಿಂದಲ್ಲ, ನಿಜವಾಗಿಯೂ ಅರ್ಥವಾಗದೆ.

ಅವಳು ಬರೆದದ್ದನ್ನು ಹೊತ್ತುಕೊಂಡು ಅವಳಪ್ಪನ ಪಕ್ಕದಿಂದ ಹಾದುಹೋದೆ. ಹಿಂದಿನಿಂದ ಆ ಮುದುಕಿಯ ಗಂಟಲು ಕೇಳಿಸಿದಾಗ ಸ್ಕೂಟರ್ ಬಂತೆಂದು ತಿಳಿಯಿತು. ಡ್ರೈವರ್ ನನ್ನ ಮುಖ ನೋಡಿದ. ನಡಿ ಎಂದೆ.

ಫಲಿತಾಂಶ ಬಂದಾಗ ಆ ಕೇಂದ್ರದಲ್ಲಿ ಜೀವಶಾಸ್ತ್ರಕ್ಕೆ ಎಲ್ಲರಿಗಿಂತ ಹೆಚ್ಚು ಅವಳಿಗೇ ಬಂದಿತ್ತು. ಅಂಗೈ ಹಿಡಿಸಿಕೊಂಡಿದ್ದ ಗೆಳತಿ ಫೇಲಾಗಿದ್ದಳು. ಒಂದೆರಡು ದಿನ ಕಳೆದು ಮಾವ ಅವಳನ್ನು ಕರೆದುಕೊಂಡು ಆಲೂರಿಗೆ, ನನ್ನ ಕಾಲೇಜಿಗೇ ಬಂದ. ಕೃತಜ್ಞತೆ ಹೇಳಲು ಬಂದಿರಬೇಕೆಂದುಕೊಂಡೆ. ಅವನ ಮನಸ್ಸಿನಲ್ಲಿ ಅದೇ ಇತ್ತು, ಬಾಳೆಗೊನೆ ತಂದಿದ್ದ. ಹುಡುಗಿಯ ಮನಸ್ಸಿನಲ್ಲಿದ್ದದ್ದೇ ಬೇರೆ.

“ಎರಡ್ನೇ ಪರೀಕ್ಷೆ ಐತೆ ಅಂತ ಅವತ್ತು ನೀವು ಹೇಳಿದ್ರಂತೆ ಸಾ. ಪಾಸಾದೋರೂ ಬರೀಬಹುದಾ?”

“ಬರೀಬಹುದು. ಯಾವುದಕ್ಕಮ್ಮ?”

“ಬಯಾಲಜಿಗೆ.”

ಮಾವ ನಕ್ಕುಬಿಟ್ಟ. “ನೋಡಿ ಮೇಷ್ಟ್ರೇ, ತುಂಬಿರೋ ಕೊಡಕ್ಕೆ ನೀರು ಹುಯ್ತೀನಿ ಅಂತಾಳೆ. ಬುದ್ಧಿ ಹೇಳಿ.”

ಅವಳು ಮಾವನ ಕಡೆ ತಿರುಗಲಿಲ್ಲ. “ಅವತ್ತು ನಾನು ಬರೀತಿರ್ಬೇಕಾದ್ರೆ ಎಲ್ರಿಗೂ ಗೊತ್ತಿತ್ತು. ಬೆಲ್ ಹೊಡೆಯೋರಿಗೂ ಗೊತ್ತಿತ್ತು. ಚೆನ್ನಾಗ್ ಬರೀತಿದೀನಿ ಅಂತ ನಾನು ಒಳ್ಗೊಳ್ಗೇ ಖುಷಿಪಡ್ತಿದ್ದೆ ಸಾ. ಆ ಮಾರ್ಕ್ಸ್ ನಂಗ್ ಬ್ಯಾಡ.”

ನಾನು ಕುರ್ಚಿ ಎಳೆದು ಅವಳ ಮುಂದೆ ಕೂತು ಇರುವುದನ್ನು ಇದ್ದಂತೆ ಹೇಳಿದೆ. ಬರೆಯಬಹುದು, ಆದರೆ ಎರಡರಲ್ಲಿ ಯಾವುದು ಹೆಚ್ಚೋ ಅದೇ ಉಳಿಯುತ್ತದೆ. ಮೊದಲಿನದನ್ನು ಅಳಿಸಬೇಕಾದರೆ ಅದಕ್ಕಿಂತ ಹೆಚ್ಚು ಬರಬೇಕು. “ತಗೋತೀನಿ,” ಎಂದಳು. ಮಾವ ಬಾಳೆಗೊನೆಯನ್ನು ಮೂಲೆಗಿಟ್ಟು ಎದ್ದ.

ಅವಳು ಬರೆದಳು. ನಡುವೆ ಸಿಇಟಿಯನ್ನೂ ಬರೆದಿದ್ದಳು. ಮನೆಯಲ್ಲಿ ಅಮ್ಮ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಹೂವಿನ ನೀರು ಮುಗಿದು ಎರಡನೇ ನೀರು ಕೊಡುವ ಹೊತ್ತಿಗೆ ಪೈಪ್ ತಿರುಗಿಸಲು ಮಾವನ ಜೊತೆ ಇವಳೇ ಹೋಗುತ್ತಿದ್ದಳು. ಎರಡನೇ ಪರೀಕ್ಷೆಯಲ್ಲಿ ಜೀವಶಾಸ್ತ್ರಕ್ಕೆ ಮೊದಲಿಗಿಂತ ಬಹಳ ಕಡಿಮೆ ಬಂತು. ಗೆಳತಿ ಅದೇ ಪರೀಕ್ಷೆಯಲ್ಲಿ ಪಾಸಾದಳು.

ಸೀಟು ಆರಿಸಿಕೊಳ್ಳುವ ದಿನ ಮಾವ, ಅವಳು ಇಬ್ಬರೂ ಮತ್ತೆ ಬಂದರು. ಅವರ ಊರಿನಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ. ಕಾಲೇಜಿನ ಕಂಪ್ಯೂಟರಿನ ಮುಂದೆ ಅವಳನ್ನು ಕೂರಿಸಿ ನಾನು ಪಕ್ಕದಲ್ಲಿ ಕೂತೆ. ಪಿಯುಸಿಯದು ಅರ್ಧ, ಸಿಇಟಿಯದು ಅರ್ಧ ಸೇರಿಸಿ ಬಂದ ರ‍್ಯಾಂಕ್ ಪರದೆಯ ಮೇಲಿತ್ತು. ಬಿ.ಎಸ್ಸಿ. ಕೃಷಿಗೆ ಸೀಟು ಹಂಚಿಕೆಯಾಗಿತ್ತು. ಸಿಇಟಿಯಲ್ಲಿ ಸಾಧಾರಣ ಬಂದಿದ್ದ ಅವಳನ್ನು ಮೇಲಕ್ಕೆತ್ತಿದ್ದು ಆ ದಿನದ ಜೀವಶಾಸ್ತ್ರವೇ.

ಅವಳು ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಮತ್ತೆ ಓದಿದಳು.

“ಕಡಿಮೆದುನ್ನೇ ಇಟ್ಕಳಕ್ಕೆ ಆಗಲ್ವಾ ಸಾ?”

“ಆಗಲ್ಲ ಕಣಮ್ಮ. ಹೆಚ್ಚಿರೋದನ್ನ ಅದೇ ತಗೊಂಡುಬಿಡುತ್ತೆ. ನಮ್ಮನ್ನ ಕೇಳಲ್ಲ.”

“ಕಡಿಮೆದು ಗೊತ್ತಿದ್ದು ಬರ್ದಿದ್ದು ಸಾ. ಅದು ನಂದು.”

ಮಾವ ಆ ಕೆಲವು ತಿಂಗಳಲ್ಲೇ ಇಳಿದುಹೋಗಿದ್ದ. ನೆಲ ನೋಡುತ್ತಾ, “ನಾನು ಮಾಡಿದ್ದು ನಿಂಗೇ ಅಂತ ಮಾಡ್ದೆ ಕಣವ್ವ,” ಎಂದ.

“ಗೊತ್ತು ಮಾವ,” ಎಂದಳು ಅವಳು.

ಬೇಡವೆಂದರೆ ಬಿಡಬಹುದು ಎಂದೂ ಹೇಳಿದೆ, ಅದೂ ನಿಯಮವೇ. ಅವಳು ಮೌಸನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಒಪ್ಪಿಗೆಯ ಗುಂಡಿಯ ಮೇಲೆ ತಾನೇ ಒತ್ತಿದಳು. ಪರದೆ ಒಟಿಪಿ ಕೇಳಿತು. ನೋಂದಣಿಯಾದ ಮೊಬೈಲಿಗೆ ಬರುವ ಸಂಖ್ಯೆ ಅದು. ಅರ್ಜಿ ಹಾಕುವಾಗ ಮನೆಯಲ್ಲಿದ್ದದ್ದು ಅಪ್ಪನ ನಂಬರು.

ಮಾವ ಅಂಗಿಯ ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ್ದ ಫೋನನ್ನು ತೆಗೆದ. ಗಾಜು ಒಡೆದಿತ್ತು, ಒಂದು ಮೂಲೆ ಜಜ್ಜಿತ್ತು. ಅದು ಗುರುಗುಟ್ಟಿತು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಡೆದ ಗಾಜಿನ ಕೆಳಗೆ ಸಂಖ್ಯೆ ಕಾಣದೆ ಬೆಳಕಿಗೆ ಓರೆಮಾಡಿ, ಒಂದೊಂದೇ ಅಂಕೆ ಓದಿಕೊಂಡು ತಾನೇ ಒತ್ತಿದಳು. ಸೀಟು ಒಪ್ಪಿಕೊಂಡದ್ದಾಯಿತು ಎಂದು ಪರದೆ ಹೇಳಿತು.

“ಇನ್ನು ಈ ಸಿಮ್ ನಿಲ್ಲಿಸ್ಬಹುದಾ ಮೇಷ್ಟ್ರೇ?” ಎಂದು ಮಾವ ಕೇಳಿದ. “ಅವರಮ್ಮ ಅದು ರಿಂಗಾದ್ರೆ ಸಾಕು, ಎದ್ದು ಕೂತ್ಕತಾಳೆ.”

“ಇನ್ನೂ ಸ್ವಲ್ಪ ದಿನ ಬೇಕಾಗುತ್ತಪ್ಪ. ಕಾಲೇಜಿಗೆ ಸೇರೋವರೆಗೂ ಎಲ್ಲ ಅದಕ್ಕೇ ಬರ್ತವೆ.”

ಮಾವ ಕರವಸ್ತ್ರ ಹರವಿ ಕೈ ಚಾಚಿದ. ಅವಳು ಕೊಡಲಿಲ್ಲ.

“ನನ್ನತ್ರ ಇರ್ಲಿ,” ಎಂದಳು. “ಬಂದಿದ್ದುನ್ನ ನಾನೇ ಮೊದ್ಲು ನೋಡ್ತೀನಿ.”